ಐವರು ಅಕ್ಕತಂಗಿಯರ ಅರ್ಜಿ

ಈ ವಾರದ ವಾಚನ: ಅರಣ್ಯಕಾಂಡ 27:1–11, ಯೆಹೋಶುವ 17:3–4, 1 ಕೊರಿಂಥ 6:1–8



ನಮ್ಮ ಮನೆಯಲ್ಲಿ ಬೆಳಗಿನ ಪ್ರಾರ್ಥನೆ ಆರು ಗಂಟೆಗೆ. ಮಕ್ತಲಿನಿಂದ ನಾರಾಯಣಪೇಟೆಯ ನ್ಯಾಯಾಲಯಕ್ಕೆ ಹೊರಡುವ ಮುನ್ನ ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವ ರೂಢಿ ಅಪ್ಪನ ಕಾಲದಿಂದ ನಡೆದುಬಂದಿದೆ. ಓದುವ ಪುಸ್ತಕವೂ ಅಪ್ಪನದೇ. ಎರಡು ಸಲ ಹೊಸ ರಟ್ಟು ಕಟ್ಟಿಸಿದ ಹಳೆಯ ಕನ್ನಡ ಸತ್ಯವೇದ. ಭಾನುವಾರದ ಆರಾಧನೆ ನಮಗೆ ತೆಲುಗಿನಲ್ಲಿ. ಹಾಡು, ಪ್ರಸಂಗ, ಮದುವೆ, ಮಣ್ಣು ಎಲ್ಲವೂ ತೆಲುಗಿನಲ್ಲಿಯೇ. ಮನೆಯೊಳಗಿನ ವಾಚನ ಮಾತ್ರ ಕನ್ನಡದಲ್ಲಿ ಉಳಿದುಕೊಂಡಿದೆ. ಕಳೆದ ಜೂನ್‌ನಿಂದ ಓದುವ ಸರದಿ ಏಳನೆಯ ತರಗತಿಯ ಮಗಳದು. ಅವಳು ಕನ್ನಡ ಮಾಧ್ಯಮದ ಶಾಲೆಗೆ ಹೋಗುತ್ತಿರುವುದರಿಂದಲೇ ಅಜ್ಜನ ಪುಸ್ತಕ ನಮ್ಮ ಮನೆಯಲ್ಲಿ ಇನ್ನೂ ಬಾಯಿ ತೆರೆಯುತ್ತಿದೆ ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಆ ಪುಸ್ತಕದ ಭಾಷೆ ಸುಲಭದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆನಿಂತ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ಮಾತುಗಳನ್ನು ಕೂಡಿಸಿ 1832ರಲ್ಲಿ ನಿಘಂಟನ್ನೇ ಹೊರತಂದರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಮುಂದಿನ ತಲೆಮಾರುಗಳು ಅದನ್ನು ಮತ್ತೆ ಮತ್ತೆ ತಿದ್ದಿದವು. ಆದರೂ ಆ ಕಾಲದ ಕೆಲವು ಮಾತುಗಳು ಹಾಗೆಯೇ ಉಳಿದಿವೆ. ಅಂಥ ಒಂದು ಮಾತಿನ ಮುಂದೆ ಹೋದ ತಿಂಗಳು ಮಗಳು ಓದನ್ನು ನಿಲ್ಲಿಸಿದಳು.

“ಅಪ್ಪಾ, ಸ್ವಾಸ್ಥ್ಯ ಎಂದರೆ ಆರೋಗ್ಯ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಇಲ್ಲಿ ಹೆಣ್ಣುಮಕ್ಕಳು ಸ್ವಾಸ್ಥ್ಯ ಬೇಕು ಎಂದು ಮೋಶೆಯ ಹತ್ತಿರ ಏಕೆ ಹೋದರು? ಅವರಿಗೆ ಜ್ವರ ಬಂದಿತ್ತೆ?”

ನನಗೆ ನಗು ಬಂತು. ಸತ್ಯವೇದದ ಕನ್ನಡದಲ್ಲಿ ಆ ಮಾತಿಗೆ ಪಿತ್ರಾರ್ಜಿತ ಪಾಲು ಎಂದು ಅರ್ಥ. ಒಬ್ಬನಿಗೆ ತನ್ನದಾಗಿ ನಿಂತ ಭೂಮಿ. ಇಬ್ರಿಯ ಮೂಲದಲ್ಲಿ ಅದು ‘ನಹಲಾ’. ಇಷ್ಟನ್ನು ವಿವರಿಸಿ ಮುಂದೆ ಓದು ಎಂದೆ. ಅವಳು ಓದಿದಳು. ಓದುತ್ತಾ ಹೋದಂತೆ ನನ್ನ ನಗು ನಿಂತಿತು.

ಕಥೆ ಚಿಕ್ಕದು. ಇಸ್ರಾಯೇಲ್ ಜನರು ಮೋವಾಬಿನ ಬಯಲಿನಲ್ಲಿ ಇಳಿದುಕೊಂಡಿದ್ದಾರೆ. ನದಿಯಾಚೆಯ ನಾಡು ಇನ್ನೂ ಕೈಸೇರಿಲ್ಲ. ಆದರೆ ಅದನ್ನು ಹಂಚುವ ಲೆಕ್ಕ ನಡೆದಿದೆ. ಲೆಕ್ಕ ಗಂಡಸರ ತಲೆಗಳದು. ಮನಸ್ಸೆ ಕುಲದ ಚಲ್ಪಹಾದ ಎಂಬವನು ಅರಣ್ಯದಲ್ಲಿಯೇ ತೀರಿಕೊಂಡಿದ್ದಾನೆ; ಅವನಿಗೆ ಗಂಡುಮಕ್ಕಳಿಲ್ಲ. ಅವನ ಐವರು ಹೆಣ್ಣುಮಕ್ಕಳು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅವರು ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆ, ಯಾಜಕನಾದ ಎಲ್ಲಾಜಾರ, ಕುಲದ ಹಿರಿಯರು ಹಾಗೂ ಇಡೀ ಸಮೂಹದ ಎದುರಿಗೆ ಬಂದು ನಿಂತರು. ಅವರ ವಾದವನ್ನು ಓದಿದರೆ ಅನುಭವಿ ವಕೀಲರು ಬರೆದ ಅರ್ಜಿಯಂತಿದೆ. ಮೊದಲು ಸಂಗತಿ: ತಂದೆ ಸತ್ತಿದ್ದಾನೆ, ಮಗನಿಲ್ಲ. ನಂತರ ಎದುರು ಪಕ್ಷದವರು ಎತ್ತಬಹುದಾದ ಆಕ್ಷೇಪಕ್ಕೆ ಮುಂಚಿತವಾಗಿಯೇ ಉತ್ತರ: ಅವನು ಕೋರಹನ ದಂಗೆಯಲ್ಲಿ ಸೇರಿದವನಲ್ಲ. ಆಮೇಲೆ ತತ್ವದ ಪ್ರಶ್ನೆ: ಮಗನಿಲ್ಲವೆಂಬ ಒಂದೇ ಕಾರಣಕ್ಕೆ ತಂದೆಯ ಹೆಸರು ಅಳಿದುಹೋಗಬೇಕೆ? ಕೊನೆಗೆ ಬೇಡಿಕೆ: ತಂದೆಯ ಅಣ್ಣತಮ್ಮಂದಿರ ನಡುವೆ ನಮಗೂ ಪಾಲು ಕೊಡಿ.

ಮೋಶೆ ತಾನಾಗಿ ತೀರ್ಪು ಕೊಡಲಿಲ್ಲ. ವ್ಯಾಜ್ಯವನ್ನು ದೇವರ ಸನ್ನಿಧಿಗೆ ಒಯ್ದನು. ಅಲ್ಲಿಂದ ಬಂದ ಉತ್ತರದ ಮೊದಲ ಅಂಶವೇ ಆ ಹೆಣ್ಣುಮಕ್ಕಳ ಮಾತು ನ್ಯಾಯವಾದದ್ದು ಎಂಬುದು. ಅವರಿಗೆ ತಾಳ್ಮೆಯ ಉಪದೇಶವಾಗಲಿ, ಹಿರಿಯರ ಎದುರು ಮಾತನಾಡಿದ್ದಕ್ಕೆ ಗದರಿಕೆಯಾಗಲಿ ಬರಲಿಲ್ಲ. ಅವರಿಗೆ ಪಾಲು ಸಿಕ್ಕಿತು. ಜೊತೆಗೆ ಅದು ಎಲ್ಲರಿಗೂ ಅನ್ವಯಿಸುವ ನಿಯಮವೂ ಆಯಿತು.

ಪ್ರಾಮಾಣಿಕನಾದ ಓದುಗ ಇಲ್ಲಿ ಎರಡು ಸಂಗತಿಗಳನ್ನು ಒಪ್ಪಿಕೊಳ್ಳಬೇಕು. ಮೊದಲನೆಯದು, ಆ ನಿಯಮ ಗಂಡುಮಗನಿಲ್ಲದ ಮನೆಗೆ ಮಾತ್ರ. ಅಣ್ಣನಿರುವ ತಂಗಿಗೆ ಅದು ಏನನ್ನೂ ಕೊಡಲಿಲ್ಲ. ಅದೇ ಪುಸ್ತಕದ 36ನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ಮತ್ತೆ ಬಂದು, ಈ ಹೆಣ್ಣುಮಕ್ಕಳು ಬೇರೆ ಕುಲಕ್ಕೆ ಮದುವೆಯಾದರೆ ಭೂಮಿ ಕೈಬಿಟ್ಟು ಹೋಗುತ್ತದೆಂದು ಆಕ್ಷೇಪಿಸಿದಾಗ, ಸ್ವಕುಲದಲ್ಲಿಯೇ ಮದುವೆಯಾಗಬೇಕೆಂಬ ಷರತ್ತು ಸೇರುತ್ತದೆ. ಎರಡನೆಯದು, ತೀರ್ಪು ಬಂದ ಮಾತ್ರಕ್ಕೆ ಭೂಮಿ ಬರಲಿಲ್ಲ. ಮೋಶೆ ತೀರಿಹೋದ ಮೇಲೆ, ನಾಡು ಹಂಚುವ ಕಾಲಕ್ಕೆ, ಆ ಐವರು ಎಲ್ಲಾಜಾರನ ಮತ್ತು ಯೆಹೋಶುವನ ಮುಂದೆ ಮತ್ತೊಮ್ಮೆ ನಿಂತು ಹಳೆಯ ಆಜ್ಞೆಯನ್ನು ನೆನಪಿಸಬೇಕಾಯಿತು. ನಮ್ಮ ವೃತ್ತಿಯಲ್ಲಿ ಇದಕ್ಕೆ ಅಮಲ್ಜಾರಿ ಅರ್ಜಿ ಎನ್ನುತ್ತಾರೆ. ಡಿಕ್ರಿ ಕೈಗೆ ಬಂದ ದಿನದಿಂದ ಕಕ್ಷಿದಾರನ ನಿಜವಾದ ಕಷ್ಟ ಆರಂಭವಾಗುತ್ತದೆಂಬುದು ನ್ಯಾಯಾಲಯದ ಜಗಲಿಯಲ್ಲಿ ಕೂತವರಿಗೆಲ್ಲ ಗೊತ್ತು.

ಮಗಳಿಗೆ ಇನ್ನೊಂದು ಸಂಶಯವಿತ್ತು. “ಹಿಂದಿನ ಅಧ್ಯಾಯದಲ್ಲಿಯೂ ಈ ಐದು ಹೆಸರು ಬಂದಿತ್ತು ಅಪ್ಪಾ. ಮತ್ತೆ ಮತ್ತೆ ಏಕೆ ಬರೆದಿದ್ದಾರೆ? ಚಲ್ಪಹಾದನ ಹೆಣ್ಣುಮಕ್ಕಳು ಎಂದರೆ ಸಾಕಲ್ಲವೆ?” ಹುಡುಕಿ ನೋಡಿದೆವು. ಅರಣ್ಯಕಾಂಡದಲ್ಲಿ ಮೂರು ಕಡೆ, ಯೆಹೋಶುವನ ಪುಸ್ತಕದಲ್ಲಿ ಒಂದು ಕಡೆ. ಒಟ್ಟು ನಾಲ್ಕು ಸಲ ಐದೂ ಹೆಸರುಗಳನ್ನು ಬಿಡದೆ ಬರೆದಿದ್ದಾರೆ. ದಾವೆಯಲ್ಲಿ ಪಕ್ಷಗಾರರ ಹೆಸರು ಬಿಟ್ಟುಹೋದರೆ ಅವರ ಹಕ್ಕೂ ಕಾಗದದಿಂದ ಮಾಯವಾಗುತ್ತದೆ, ಅದಕ್ಕಾಗಿ ಬರೆದಿದ್ದಾರೆ ಎಂದೆ. ಹಾಗೆ ಹೇಳಿ ಮುಗಿಸುವಾಗ, ಒಂದು ಹೆಸರನ್ನು ಬಿಟ್ಟು ನಾನೇ ಬರೆದ ಒಂದು ಅರ್ಜಿ ನೆನಪಾಯಿತು. ಅಂದು ನ್ಯಾಯಾಲಯದಲ್ಲಿ ಮನಸ್ಸು ನಿಲ್ಲಲಿಲ್ಲ.

ಆ ಸಂಗತಿಯನ್ನು ಇಲ್ಲಿ ಬರೆಯುವ ಮುನ್ನ ನನ್ನ ತಂಗಿಯ ಅನುಮತಿ ಪಡೆದಿದ್ದೇನೆ.

ಅಪ್ಪನಿಗೆ ಕೃಷ್ಣಾ ಮಂಡಲದ ಕಡೆ ನಾಲ್ಕು ಎಕರೆ ಇಪ್ಪತ್ತು ಗುಂಟೆ ಹೊಲ. ಎಕರೆಗೆ ನಲವತ್ತರಂತೆ ನೂರ ಎಂಬತ್ತು ಗುಂಟೆ. ಹನ್ನೆರಡು ವರ್ಷಗಳ ಹಿಂದೆ ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಾನವಾಗಿ. ನಾವು ಇಬ್ಬರು ಮಕ್ಕಳು. ಹಾಗಾಗಿ ಅವ್ವನಿಗೆ ಅರವತ್ತು, ನನಗೆ ಅರವತ್ತು, ತಂಗಿಗೆ ಅರವತ್ತು ಗುಂಟೆ. ಲೆಕ್ಕ ಇಷ್ಟು ನೇರವಾಗಿತ್ತು.

ಅಪ್ಪನ ಸ್ಮರಣೆಯ ಪ್ರಾರ್ಥನಾಕೂಟಕ್ಕೆ ತಂಗಿ ಗದ್ವಾಲದಿಂದ ಬಂದಿದ್ದಳು. ಅದೇ ವಾರ ಅವಳನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದೆ. ಕರಡು ನನ್ನದೇ. ಪ್ರೀತಿವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ ಎಂಬ ವಾಕ್ಯವನ್ನೂ ನಾನೇ ಬರೆದೆ. ಒತ್ತಾಯ ಯಾರೂ ಮಾಡಲಿಲ್ಲವೆಂಬುದು ನಿಜ. ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲವೆಂಬುದೂ ನಿಜ. ಸಭೆಯ ಹಿರಿಯರೊಬ್ಬರು ಮನೆಗೆ ಬಂದು ಅವಳ ತ್ಯಾಗಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದರು. ನಾವೆಲ್ಲರೂ ಆಮೆನ್ ಎಂದೆವು. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೆ ಅವಳಿಗೆ ಒಂದು ನಾರಾಯಣಪೇಟೆ ಸೀರೆ ತಪ್ಪದೆ ಒಯ್ಯುತ್ತಿದ್ದೇನೆ. ತವರಿನ ಸೀರೆ ಉಟ್ಟ ತಂಗಿ ಹೊಲದ ಮಾತೆತ್ತಬಾರದೆಂಬುದು ನಮ್ಮ ಸೀಮೆಯ ಅಲಿಖಿತ ಕಾಯ್ದೆ. ಅದಕ್ಕೆ ಜಾತಿಯಿಲ್ಲ, ಮತವೂ ಇಲ್ಲ.

ಎಂಟು ವರ್ಷಗಳ ಹಿಂದೆ ಅವ್ವ ತೀರಿಕೊಂಡಳು. ನನ್ನ ತಪ್ಪು ಇರುವುದು ಇಲ್ಲಿ. ಅವ್ವನ ಅರವತ್ತು ಗುಂಟೆಯಲ್ಲಿ ಮೂವತ್ತು ನನ್ನದು, ಮೂವತ್ತು ತಂಗಿಯದು. ಆ ಮೂವತ್ತನ್ನು ತಂಗಿ ಎಂದೂ ಬಿಟ್ಟುಕೊಟ್ಟವಳಲ್ಲ. ಅವ್ವ ಬದುಕಿದ್ದಾಗ ಬರೆದ ಪತ್ರದಿಂದ ಅವ್ವನ ಪಾಲು ಬಿಟ್ಟಂತೆಯೂ ಆಗುವುದಿಲ್ಲ. ಮುಂದೆ ವಾರಸುದಾರರಾಗಿ ಬರಬಹುದೆಂಬ ನಿರೀಕ್ಷೆಯನ್ನು ವರ್ಗಾಯಿಸಲು ಬಾರದೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 6ನೆಯ ಕಲಂ ಹೇಳುತ್ತದೆ. ಎಲ್‌ಎಲ್‌ಬಿ ತರಗತಿಯಲ್ಲಿ ಕಲಿತ ಪಾಠ ಇದು. ಆದರೂ ಖಾತೆ ಬದಲಾವಣೆಯ ಅರ್ಜಿಯಲ್ಲಿ ವಾರಸುದಾರರ ಕಾಲಮಿನಲ್ಲಿ ನನ್ನ ಹೆಸರೊಂದನ್ನೇ ಬರೆದೆ. ತಂಗಿಯ ಹಳೆಯ ಸಹಿಯೇ ಸಾಕೆಂದು ನನಗೆ ನಾನೇ ಹೇಳಿಕೊಂಡೆ. ಪಾಸ್‌ಬುಕ್ಕಿನಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲವೆಂದು ಎಷ್ಟೋ ಕಕ್ಷಿದಾರರಿಗೆ ನಾನೇ ತಿಳಿಹೇಳಿದ್ದೇನೆ. ಹೊಲವನ್ನು ಪಾಲಿಗೆ ಕೊಟ್ಟಿದ್ದೇನೆ. ಎಂಟು ಸುಗ್ಗಿ ಆ ಮೂವತ್ತು ಗುಂಟೆಯ ಫಸಲು ನನ್ನ ಮನೆಗೆ ಬಂದಿದೆ.

ನಮ್ಮ ಸಭೆಗಳಲ್ಲಿ ಹೆಣ್ಣುಮಗಳೊಬ್ಬಳು ಪಾಲು ಕೇಳಿದಾಗ ಹಿರಿಯರು ತೆರೆಯುವುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯವನ್ನು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಅಪೊಸ್ತಲನಾದ ಪೌಲ ಅಲ್ಲಿ ಖಂಡಿಸುತ್ತಾನೆ. ಅದಕ್ಕಿಂತ ಅನ್ಯಾಯವನ್ನು ಸಹಿಸುವುದೇ ಮೇಲಲ್ಲವೇ ಎಂದು 7ನೆಯ ವಚನದಲ್ಲಿ ಕೇಳುತ್ತಾನೆ. ಈ ವಚನವನ್ನು ತಂಗಿಯರಿಗೆ ಓದಿ ಹೇಳುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. 8ನೆಯ ವಚನವನ್ನು ಅಣ್ಣಂದಿರಿಗೆ ಓದಿ ಹೇಳುವುದನ್ನು ಒಮ್ಮೆಯೂ ಕೇಳಿಲ್ಲ. ಅದರಲ್ಲಿ ಪೌಲನು ಅದೇ ಉಸಿರಿನಲ್ಲಿ, ಅನ್ಯಾಯ ಮಾಡಿ ವಂಚಿಸುತ್ತಿರುವವರು ನೀವೇ, ಅದೂ ನಿಮ್ಮ ಸ್ವಂತ ಸಹೋದರರಿಗೆ ಎಂದು ಬೆರಳು ತೋರಿಸುತ್ತಾನೆ. ಸಹಿಸುವವರಿಗೆ ಒಂದು ವಚನ, ವಂಚಿಸುವವರಿಗೆ ಒಂದು ವಚನ. ನಾವು ಒಂದನ್ನು ಓದಿ ಪುಸ್ತಕ ಮುಚ್ಚುತ್ತೇವೆ.

ಲೂಕನ ಸುವಾರ್ತೆಯ 12ನೆಯ ಅಧ್ಯಾಯವನ್ನೂ ನಾವು ಹೀಗೆಯೇ ಬಳಸುತ್ತೇವೆ. ಪಿತ್ರಾರ್ಜಿತವನ್ನು ಪಾಲುಮಾಡಿಕೊಡಲು ತನ್ನ ಅಣ್ಣನಿಗೆ ಹೇಳೆಂದು ಬೇಡಿದವನಿಗೆ ಕರ್ತನು, ತಾನು ಅದಕ್ಕೆ ನ್ಯಾಯಾಧಿಪತಿಯಲ್ಲ ಎಂದನು. ಆದ್ದರಿಂದ ಪಾಲು ಕೇಳುವುದೇ ತಪ್ಪೆಂದು ಅಣ್ಣಂದಿರು ಅರ್ಥ ಮಾಡುತ್ತಾರೆ. ಆದರೆ ಮುಂದಿನ ಎಚ್ಚರಿಕೆ ಲೋಭದ ಕುರಿತು, ಅದರ ಮುಂದಿನ ಸಾಮ್ಯ ಕಣಜ ತುಂಬಿಸಿಕೊಂಡವನ ಕುರಿತು. ಆ ಜಗಳದಲ್ಲಿ ಕಣಜ ಯಾರ ಮನೆಯಲ್ಲಿತ್ತು? ಕೇಳಲು ಬಂದವನ ಮನೆಯಲ್ಲಂತೂ ಅಲ್ಲ.

ಕಾನೂನು ನಮ್ಮ ದೇಶದಲ್ಲಿ ಈ ಐವರು ಅಕ್ಕತಂಗಿಯರ ದಾರಿಯಲ್ಲಿಯೇ ನಡೆದಿದೆ. ನಿಧಾನವಾಗಿ, ಪ್ರತಿ ಹೆಜ್ಜೆಯೂ ಯಾರೋ ಒಬ್ಬಳು ಎದ್ದು ನಿಂತು ಕೇಳಿದ್ದರಿಂದ. ಹಿಂದಿನ ತಿರುವಾಂಕೂರಿನಲ್ಲಿ 1916ರ ಕಾಯ್ದೆಯಂತೆ ಉಯಿಲಿಲ್ಲದ ಆಸ್ತಿಯಲ್ಲಿ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು ಮಾತ್ರ. ಮೇರಿ ರಾಯ್ ಎಂಬ ಶಾಲಾ ಶಿಕ್ಷಕಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ 1986ರಲ್ಲಿ ಗೆದ್ದರು. ಗೆದ್ದ ಮೇಲೆಯೂ ತಮ್ಮ ಪಾಲನ್ನು ಕೈಗೆ ಪಡೆಯಲು ಅವರು ಬಹಳ ವರ್ಷ ಹೋರಾಡಬೇಕಾಯಿತು. ಯೆಹೋಶುವನ ಮುಂದೆ ಮತ್ತೊಮ್ಮೆ ನಿಂತಂತೆ. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಅಂದಿನ ಆಂಧ್ರಪ್ರದೇಶವು 1986ರ ತಿದ್ದುಪಡಿಯಿಂದ ಜನ್ಮಸಿದ್ಧ ಪಾಲು ಕೊಟ್ಟಿತು, ಅದೂ ಅಷ್ಟರೊಳಗೆ ಮದುವೆಯಾಗಿರದವರಿಗೆ. ಕರ್ನಾಟಕ ಅದೇ ಹೆಜ್ಜೆಯಿಟ್ಟದ್ದು 1994ರಲ್ಲಿ. ಹೀಗೆ ಕೃಷ್ಣಾ ಸೇತುವೆಯ ಈಚೆಗಿನ ಮಗಳಿಗೆ ಇದ್ದ ಹಕ್ಕು ರಾಯಚೂರಿನ ಮಗಳಿಗೆ ಕೆಲವು ವರ್ಷ ಇರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ತಂದೆ ಆಗ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಮುಸ್ಲಿಂ ಕುಟುಂಬಗಳಲ್ಲಿ ಮಗಳ ಪಾಲು ಧರ್ಮಗ್ರಂಥದಲ್ಲಿಯೇ ನಿಗದಿಯಾಗಿದೆ. ಅಂದರೆ ಇಂದು ನಮ್ಮ ಸೀಮೆಯಲ್ಲಿ ಕಾನೂನು ಮಗಳನ್ನು ಪೂರ್ತಿ ಮರೆತ ಮನೆ ಒಂದೂ ಇಲ್ಲ. ಅಣ್ಣ ಮರೆತ ಮನೆಗಳು ಅನೇಕ.

ಎರಡು ವಾರಗಳ ಹಿಂದೆ, ಜುರಾಲದ ಬಳಿ ಕೃಷ್ಣೆಯನ್ನು ದಾಟಿ ಗದ್ವಾಲಕ್ಕೆ ಹೋದೆ. 1956ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಇಂದು ತಂಗಿಯ ಮನೆಯಲ್ಲಿ ನಾನು ಹೋದಾಗ ಮಾತ್ರ ಕನ್ನಡ; ಅವಳ ಮಕ್ಕಳು ತೆಲುಗಿನಲ್ಲಿ ಓದುತ್ತಾರೆ. ಕೈಯಲ್ಲಿ ಸೀರೆ ಇರಲಿಲ್ಲ, ಹಬ್ಬವೂ ಇರಲಿಲ್ಲ. ಏನಾಯಿತು ಅಣ್ಣಾ ಎಂದು ಗಾಬರಿಯಾದಳು. ಚಹಾ ಕುಡಿದ ಮೇಲೆ ಅವಳ ತೆಲುಗು ಬೈಬಲ್ ಕೇಳಿ ತೆಗೆದುಕೊಂಡು ಆ ಅಧ್ಯಾಯವನ್ನು ತೋರಿಸಿದೆ. ಅಲ್ಲಿಯೂ ಅದೇ ಮಾತು, ಸ್ವಾಸ್ಥ್ಯಮು. ಮಗಳ ಜ್ವರದ ಪ್ರಶ್ನೆ ಹೇಳಿದಾಗ ಅವಳು ನಕ್ಕಳು. ನಂತರ ಕಾಗದದ ಮೇಲೆ ಗುಂಟೆಗಳ ಲೆಕ್ಕ ಬರೆದು ಮುಂದಿಟ್ಟೆ.

ಅವಳು ಬಹಳ ಹೊತ್ತು ಲೆಕ್ಕವನ್ನೇ ನೋಡಿದಳು. “ಅವ್ವನ ಪಾಲಿನಲ್ಲಿ ನನ್ನದು ಮೂವತ್ತು ಗುಂಟೆ ಎಂದು ಇಷ್ಟು ವರ್ಷ ನಿನಗೆ ಗೊತ್ತಿತ್ತೇನು, ಅಣ್ಣಾ?”

ಇದಕ್ಕೆ ವಕೀಲನ ಉತ್ತರಗಳು ಹಲವಿದ್ದವು. “ಗೊತ್ತಿತ್ತು,” ಎಂದೆ.

ಅವಳು ಎದ್ದು ಒಳಗೆ ಹೋದಳು. ತಂಗಿಯ ಗಂಡ ಏನೂ ಮಾತನಾಡದೆ ಹೊರಗೆ ನೋಡುತ್ತಾ ಕುಳಿತರು. ಆ ಕಾಲು ಗಂಟೆ ನನಗೆ ದೀರ್ಘವಾಗಿತ್ತು. ತಿರುಗಿ ಬಂದವಳ ಕಣ್ಣು ಕೆಂಪಾಗಿತ್ತು, ದನಿ ಸ್ಥಿರವಾಗಿತ್ತು. “ಅವ್ವನ ಮೂವತ್ತು ಗುಂಟೆ ನನಗೆ ಬೇಕು. ಅದು ಅವ್ವ ಕೊಟ್ಟದ್ದು. ಅಪ್ಪನ ಅರವತ್ತರ ಮಾತು ಬೇರೆ. ಅದಕ್ಕೆ ನಾನೇ ಸಹಿ ಮಾಡಿದ್ದೇನೆ. ಅಂದು ನನ್ನನ್ನು ಯಾರೂ ಕೇಳಲಿಲ್ಲ. ಇಂದು ಕೇಳಿದ್ದೀಯ. ಯೋಚಿಸಿ ಹೇಳುತ್ತೇನೆ.” ಎಂಟು ಸುಗ್ಗಿಯ ಹಣದ ಲೆಕ್ಕವನ್ನೂ ಕೊಡುತ್ತೇನೆಂದೆ. ಬೇಡವೆನ್ನಲಿಲ್ಲ, ಬರೆದು ಕಳಿಸು ಎಂದಳು. ಬಾಗಿಲ ತನಕ ಬಂದು, “ಕ್ರಿಸ್‌ಮಸ್ ಸೀರೆ ತರುವುದನ್ನು ಮಾತ್ರ ಬಿಡಬೇಡ. ಅದು ಬೇರೆ, ಇದು ಬೇರೆ,” ಎಂದಳು.

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲು ಕೊಡಬೇಕಾದದ್ದನ್ನು ಕೊಡದೆ ಕ್ಷಮೆ ಕೇಳುವುದು ಮತ್ತೊಂದು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದಂತೆ ಎಂದು ನನಗೆ ತೋರಿತು. ಕರ್ತನು ಮನೆಗೆ ಬಂದ ದಿನ ಸುಂಕದವನಾದ ಜಕ್ಕಾಯನು ಕಣ್ಣೀರಿನ ಮಾತಾಡಲಿಲ್ಲ, ತಿರುಗಿ ಕೊಡುವ ಲೆಕ್ಕವನ್ನೇ ಹೇಳಿದನು.

ನಮ್ಮ ರಾಜ್ಯದಲ್ಲಿ 2020ರಿಂದ ಕೃಷಿ ಭೂಮಿಯ ನೋಂದಣಿ ತಹಸೀಲ್ದಾರರ ಕಚೇರಿಯಲ್ಲಿಯೇ ನಡೆಯುತ್ತದೆ. ಅವ್ವನ ಪಾಲಿಗೆ ಭಾಗಪತ್ರದ ಕರಡು ಸಿದ್ಧವಾಗಿದೆ. ಅಪ್ಪನ ಪಾಲಿಗೆ ದಾನಪತ್ರವೊಂದನ್ನು ಬರೆದು, ತಂಗಿಯ ಉತ್ತರಕ್ಕಾಗಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಓದುತ್ತಿರುವ ಅಕ್ಕತಂಗಿಯರಿಗೆ ವೃತ್ತಿಯವನಾಗಿ ಎರಡು ಮಾತು. ಅರ್ಥವಾಗದ ಕಾಗದಕ್ಕೆ, ದುಃಖದ ವಾರದಲ್ಲಿ, ಯಾರ ಮುಖ ನೋಡಿಯೂ ಸಹಿ ಮಾಡಬೇಡಿ. ಅಣ್ಣ ವಕೀಲನಾಗಿದ್ದರೂ ಸರಿಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ದೂರವಾಣಿ ಸಂಖ್ಯೆ 15100. ಮನೆಯವರೊಳಗೆ ಒಪ್ಪಂದವಾದರೆ ಲೋಕ ಅದಾಲತ್ತಿನಲ್ಲಿ ಮುಗಿಸಬಹುದು. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಅಣ್ಣತಮ್ಮಂದಿರಿಗೆ ಒಂದೇ ಮಾತು: ಈ ವಾರ ಮನೆಯ ಪಾಸ್‌ಬುಕ್ಕನ್ನು ತೆಗೆದು, ಅದರಲ್ಲಿ ಯಾರ ಹೆಸರಿಲ್ಲ ಎಂದು ನೋಡಿರಿ.

ಮಗಳು ಅರಣ್ಯಕಾಂಡವನ್ನು ಮುಗಿಸಿದ್ದಾಳೆ. ಈಗ ಧರ್ಮೋಪದೇಶಕಾಂಡ ನಡೆದಿದೆ. ಸ್ವಾಸ್ಥ್ಯ ಎಂಬ ಮಾತು ಬಂದಾಗಲೆಲ್ಲ ಅವಳು ಈಗ ನಿಲ್ಲುವುದಿಲ್ಲ, ಓದಿಕೊಂಡು ಹೋಗುತ್ತಾಳೆ. ನಾನು ನಿಲ್ಲುತ್ತೇನೆ.